ಹಾಸಿಗೆ ಹಿಡಿದವರಿಗೆ ಎಂಥ ಬೆಡ್‌ಶೀಟ್ ಬೇಕು?

ಊಟ ಮಾಡಿಸೋಕೆ ಅಂತ ಆಸ್ಪತ್ರೆ ಮಂಚದ ತಲೆಯ ಭಾಗವನ್ನು ಎತ್ತುತ್ತೇವೆ. ಸ್ವಲ್ಪ ಹೊತ್ತಿಗೆ ಮಲಗಿದವರು ಕಾಲಿನ ಕಡೆಗೆ ಜಾರಿರುತ್ತಾರೆ. ಆದರೆ ಇಡೀ ಮೈ ಒಟ್ಟಿಗೆ ಜಾರುವುದಿಲ್ಲ. ಬೆನ್ನಿನ ಚರ್ಮ ಶೀಟಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಕೆಳಗೆ ಸರಿಯುತ್ತದೆ. ನಡುವಿನ ಮಾಂಸ, ರಕ್ತನಾಳಗಳು ಜಗ್ಗಾಟಕ್ಕೆ ಸಿಕ್ಕುತ್ತವೆ. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಎಷ್ಟೋ ಸಲ ಶುರುವಾಗುವುದೇ ಹೀಗೆ, ಮೇಲೆ ಏನೂ ಕಾಣದ ಹಾಗೆ.

ಇದರ ಜೊತೆಗೆ ಮೈಯ ಭಾರವೂ ಇದೆ. ಬಿ.ಪಿ. 120/80 ಅಂತ ಅಳೆಯುವ ಲೆಕ್ಕದಲ್ಲೇ ನೋಡಿದರೆ, ಚರ್ಮದ ಅತಿ ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಸುಮಾರು 32 ಮಾತ್ರ. ಬಾಲದ ಮೂಳೆ, ಹಿಮ್ಮಡಿಯ ಜಾಗದಲ್ಲಿ ಹೊರಗಿನ ಒತ್ತಡ ಅದನ್ನು ಸುಲಭವಾಗಿ ಮೀರುತ್ತದೆ, ರಕ್ತ ಹರಿಯೋದು ಕಷ್ಟವಾಗುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನರ್ಸುಗಳು ಹೇಳೋದು. ಯಾವ ಬಟ್ಟೆ ಹಾಸಿದರೂ ಆ ಕೆಲಸ ತಪ್ಪುವುದಿಲ್ಲ. ಆದರೆ ಜಗ್ಗಾಟ ಮತ್ತು ತೇವ, ಇವೆರಡನ್ನು ಬಟ್ಟೆಯಿಂದ ಬಹಳಷ್ಟು ತಗ್ಗಿಸಬಹುದು.

ಒದ್ದೆ ಚರ್ಮ ಜಾಸ್ತಿ ಅಂಟುತ್ತದೆ, ಮೆತ್ತಗಾಗಿ ಬೇಗ ಸುಲಿಯುತ್ತದೆ. ಹತ್ತಿ ಗಾಳಿಯ ತೇವವನ್ನೇ ತನ್ನ ತೂಕದ ಸುಮಾರು 8%ರಷ್ಟು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟನ್ನೂ ಹೀರುವುದಿಲ್ಲ. ಸೆಖೆಗೆ ಹತ್ತಿ ಹಿತ ಅನ್ನಿಸೋದು ಅದಕ್ಕೇ. ಆದರೆ ಹೀರಿದ್ದನ್ನು ಹತ್ತಿ ಬೇಗ ಬಿಟ್ಟುಕೊಡುವುದಿಲ್ಲ. ಒದ್ದೆಯಾದ ಹತ್ತಿ ಶೀಟು ಚರ್ಮವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ದುಬಾರಿ ಶೀಟು ಒಂದು ತರುವ ಬದಲು ಸಾಧಾರಣ ಹತ್ತಿಯವು ನಾಲ್ಕೈದು ತನ್ನಿ, ಒದ್ದೆಯಾದ ತಕ್ಷಣ ಬದಲಿಸಿ. ಆಸ್ಪತ್ರೆಗಳು ಪಾಲಿ-ಕಾಟನ್ (ಪಾಲಿಯೆಸ್ಟರ್, ಹತ್ತಿ ಬೆರೆಸಿದ ಬಟ್ಟೆ) ಬಳಸುವುದು ಅದು ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ ಅಂತ. ಮಳೆಗಾಲದಲ್ಲಿ ಬಟ್ಟೆ ಒಣಗದ ಮನೆಗಳಿಗೂ ಅದು ಪರವಾಗಿಲ್ಲ.

ಮಲಗಿದವರ ಕೆಳಗೆ ಕಂಬಳಿ ಹಾಸಬೇಡಿ, ಅದು ತೇವ ಹಿಡಿದಿಡುತ್ತದೆ ಅಂತ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಎಚ್ಚರಿಸಿದ್ದರು. ಮೆತ್ತಗಿರಲಿ ಅನ್ನೋ ಪ್ರೀತಿಯಿಂದ ನಮ್ಮ ಮನೆಗಳಲ್ಲಿ ಇವತ್ತಿಗೂ ಏರ್ ಬೆಡ್ ಮೇಲೆ ಕಂಬಳಿ, ಅದರ ಮೇಲೆ ರಬ್ಬರ್ ಶೀಟು, ಮತ್ತೆ ಎರಡು ಬೆಡ್‌ಶೀಟ್ ಹಾಕುತ್ತಾರೆ. ಏರ್ ಬೆಡ್‌ನ ಗಾಳಿಚೀಲಗಳು ಸರದಿಯಲ್ಲಿ ಉಬ್ಬಿ ಇಳಿಯುತ್ತವೆ, ಒತ್ತಡ ಒಂದೇ ಕಡೆ ನಿಲ್ಲದಿರಲಿ ಅಂತ. ಇಷ್ಟೆಲ್ಲ ಪದರ ಬಿದ್ದರೆ ಆ ಏರಿಳಿತ ಮೈಗೆ ತಲುಪುವುದೇ ಇಲ್ಲ. ಶೀಟನ್ನು ನಾಲ್ಕೂ ಕಡೆ ಬಿಗಿಯಾಗಿ ಎಳೆದು ಸಿಕ್ಕಿಸಿದರೂ ಅಷ್ಟೇ. ಒಂದೇ ಶೀಟು, ಸ್ವಲ್ಪ ಸಡಿಲ, ಆದರೆ ಸುಕ್ಕಿಲ್ಲದೆ ಇರಲಿ. ಸಡಿಲ ಬಿಟ್ಟರೆ ಮಂಚ ಮಡಚಿದಾಗ ಮೂಲೆ ಕಿತ್ತುಕೊಂಡು ಬರೋದೂ ಕಡಿಮೆಯಾಗುತ್ತದೆ.

ಇದರ ಮೇಲೆ ಹಾಕಬಹುದಾದ್ದು ಒಂದೇ, ಡ್ರಾ ಶೀಟ್. ಹೆಗಲಿಂದ ತೊಡೆಯವರೆಗೆ ಅಡ್ಡಲಾಗಿ ಹಾಸುವ ತುಂಡು ಇದು. ಜಾರಿದವರನ್ನು ಕಂಕುಳಿಗೆ ಕೈ ಹಾಕಿ ದರದರ ಎಳೆಯಬೇಡಿ. ಮಂಚವನ್ನು ಮೊದಲು ಮಟ್ಟಸ ಮಾಡಿ. ಆಮೇಲೆ ಇಬ್ಬರು ಎರಡೂ ಬದಿಯಲ್ಲಿ ನಿಂತು, ಡ್ರಾ ಶೀಟಿನ ಅಂಚನ್ನು ಮೈಗೆ ಹತ್ತಿರ ಸುತ್ತಿ ಹಿಡಿದು, ತುಸು ಎತ್ತಿ ಮೇಲಕ್ಕೆ ಸರಿಸಿ. ಚರ್ಮ ಉಜ್ಜುವುದಿಲ್ಲ. ಮನೆಯಲ್ಲಿರೋ ಹಳೇ ಪಂಚೆ, ಕಾಟನ್ ಸೀರೆ ಒಗೆದು ಒಗೆದು ಮೆತ್ತಗಾಗಿರುತ್ತವೆ, ಹಾಸೋಕೆ ಚೆನ್ನ. ಆದರೆ ಎತ್ತೋಕೆ ಬೇಡ, ಪರ್‍ರನೆ ಹರಿದರೆ ಕಷ್ಟ. ಹಾಸುವ ಬಟ್ಟೆಗೆ ಗಂಜಿ ಹಾಕೋದಂತೂ ಬೇಡವೇ ಬೇಡ.

ಬಣ್ಣದ ವಿಷಯದಲ್ಲಿ ಬಿಳಿಯೋ ತಿಳಿ ಬಣ್ಣವೋ ಒಳ್ಳೆಯದು. ರಕ್ತ, ಕೀವಿನ ಸಣ್ಣ ಕಲೆಯೂ ಕಣ್ಣಿಗೆ ಬೀಳುತ್ತದೆ. ಶೀಟು ಬದಲಿಸುವಾಗ ಬೆನ್ನು, ಸೊಂಟ, ಹಿಮ್ಮಡಿ ನೋಡಿಬಿಡಿ. ನಮ್ಮ ಕಂದು ಮೈಬಣ್ಣದಲ್ಲಿ ಹುಣ್ಣಿನ ಮೊದಲ ಕೆಂಪು ಸರಿಯಾಗಿ ಕಾಣುವುದಿಲ್ಲ. ಬೆರಳಿಟ್ಟು ನೋಡಿ. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಆ ಮಗ್ಗುಲಿಗೆ ಮತ್ತೆ ಮಲಗಿಸದೆ ಡಾಕ್ಟರಿಗೆ ತೋರಿಸಿ.