ಗುಳಿಗೆ ತಾಲ್ಲೂಕಿಗೆ ಬಂತು, ಮನೆ?

ದಾವಣಗೆರೆಯಲ್ಲಿ ಆಸ್ತಿ ತೆರಿಗೆ ಕಟ್ಟುವವರು ಅದರ ಜೊತೆಗೆ ಶೇ 3ರಷ್ಟು ಭಿಕ್ಷುಕರ ಕರವನ್ನೂ ಕಟ್ಟುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದ ಕರ ಇದು. ಭಿಕ್ಷುಕರನ್ನು ಕರೆತಂದು ಇರಿಸುವ ತುರ್ಚಘಟ್ಟದ ನಿರಾಶ್ರಿತರ ಪರಿಹಾರ ಕೇಂದ್ರ, ಚಿತ್ರದುರ್ಗದ ಗೋನೂರು ಕೇಂದ್ರ ಎರಡೂ ಇದೇ ಕಾಯ್ದೆಯಡಿ ನಡೆಯುವಂಥವು. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ನಾವು ಬಹಳ ಕಾಲ ಭಿಕ್ಷುಕ ಅಂತ ನೋಡಿದ್ದೇ ಜಾಸ್ತಿ.

ರೋಗಿ ಅಂತ ನೋಡಿದಾಗಲೂ ದಾರಿ ಸುತ್ತುಬಳಸಿನದು. ಬ್ರಿಟಿಷರ ಕಾಲದ 1912ರ ಲೂನಸಿ (ಬುದ್ಧಿಭ್ರಮಣೆ) ಕಾಯ್ದೆಯಲ್ಲಿ ಪೊಲೀಸರು ಅವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದರೂ ಈ ದಾರಿ ಬದಲಾಗಲಿಲ್ಲ. ಆಸ್ಪತ್ರೆ ಎಂದರೆ ದೂರದ ಬೆಂಗಳೂರು, ಇಲ್ಲಾ ಧಾರವಾಡ.

ಚಿಕಿತ್ಸೆ ಹಳ್ಳಿಯ ಹತ್ತಿರಕ್ಕೆ ಬಂದದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ. 1985ರಿಂದ ಐದು ವರ್ಷ ನಿಮ್ಹಾನ್ಸ್ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟಿತು. ಇದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ರಾಜ್ಯದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ.

ಆದರೆ ಈ ಇಡೀ ವ್ಯವಸ್ಥೆ ರೋಗಿಗೊಂದು ಮನೆ ಇದೆ ಅಂದುಕೊಂಡೇ ನಡೆಯುತ್ತದೆ. ಯಾರೋ ಕರ್ಕೊಂಡು ಬರಬೇಕು, ನೆನಪಿಟ್ಟು ಗುಳಿಗೆ ಕೊಡಬೇಕು, ಮುಂದಿನ ತಿಂಗಳು ಮತ್ತೆ ಬರಬೇಕು. ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದವರಿಗೆ, ದುರ್ಗದ ಹೈವೇ ಪಕ್ಕ ನಡೆಯುತ್ತಾ ಹೋಗುವವರಿಗೆ ಆ 'ಯಾರೋ' ಇಲ್ಲ. ಎಷ್ಟೋ ಸಲ ಅವರ ಭಾಷೆಯೂ ನಮಗೆ ಬಾರದು.

ಈ ಕೊರತೆಗೆ ಮೊದಲು ಕೈ ಹಾಕಿದವರಲ್ಲಿ ಮುಂಬೈನ ಡಾ. ಭರತ್ ವಟ್ವಾನಿ ಒಬ್ಬರು. ಬೀದಿಯಿಂದ ಕರೆತಂದು, ಚಿಕಿತ್ಸೆ ಕೊಟ್ಟು, ಊರು ಹುಡುಕಿ ಮನೆಗೆ ತಲುಪಿಸುವುದು ಅವರ ಶ್ರದ್ಧಾ ಸಂಸ್ಥೆಯ ಕ್ರಮ. ಇದಕ್ಕೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚೆನ್ನೈನಲ್ಲಿ 1993ರಲ್ಲಿ ಬನಿಯನ್ ಸಂಸ್ಥೆ ಬೀದಿಪಾಲಾದ ಮನೋರೋಗಿ ಹೆಂಗಸರಿಗೆ ಆಸರೆಯಾಗಿ ಹುಟ್ಟಿತು. ದೇಶ ಬೆಚ್ಚಿಬಿದ್ದದ್ದು ಮಾತ್ರ 2001ರ ಆಗಸ್ಟ್ 6ರಂದು. ತಮಿಳುನಾಡಿನ ಎರ್ವಾಡಿಯಲ್ಲಿ ಮನೋರೋಗಿಗಳ ಖಾಸಗಿ ಆಶ್ರಯದಲ್ಲಿ ಬೆಂಕಿ ಹತ್ತಿ 28 ಮಂದಿ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲೂ ಆಗಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ನನ್ನ ಮಟ್ಟಿಗೆ ತುಂಬಾ ಮುಖ್ಯ. ಅಲೆಯುವ ರೋಗಿಗೆ ರಕ್ಷಣೆ ಕೊಡುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ. ನಿರಾಶ್ರಿತರಾಗಿದ್ದರೆ ನಾಪತ್ತೆ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. 19ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಮನೆ ಇಲ್ಲ, ಮನೆಯವರು ಸೇರಿಸುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ.

ಸರಿ, ಹಾಗಾದರೆ ಎಲ್ಲಿಗೆ ಕಳಿಸೋದು? ಮನೋರೋಗಿಗಳಿಗೆಂದು ಇರುವ ರಾಜ್ಯದ ಮಾನಸಧಾರಾ ಕೇಂದ್ರಗಳು ಹಗಲಿಗೆ ಮಾತ್ರ, ಸಂಜೆ ಮನೆಗೆ ಹೋಗಬೇಕು. ಬನಿಯನ್ 2015ರಿಂದ ಬೇರೆ ದಾರಿ ಹಿಡಿದಿದೆ. ಚೇತರಿಸಿಕೊಂಡ ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿ ಇರುತ್ತಾರೆ. ಅಡುಗೆ, ಸಂತೆ, ಜಗಳ ಎಲ್ಲ ಅವರದೇ. ನೆರವಿಗೆ ಕಾರ್ಯಕರ್ತೆಯೊಬ್ಬರು ಇರುತ್ತಾರೆ. ಇಂಥ ಮನೆಗೆ ದಾವಣಗೆರೆ, ದುರ್ಗದಲ್ಲಿ ಕಟ್ಟಡದ ಖರ್ಚೂ ಬೇಕಿಲ್ಲ, ಗುಳಿಗೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಬಾಡಿಗೆ, ಕಾರ್ಯಕರ್ತೆಯ ಸಂಬಳ ಇಷ್ಟಕ್ಕೆ ಹಣ ಹೊಂದಿಸಬೇಕು. ಬಾಡಿಗೆಗೆ ಕೊಡಲು ಒಬ್ಬ ಮಾಲೀಕರು ಒಪ್ಪಬೇಕು.