ಎಫೆಮೆರಾ: ಒಂದು ದಿನಕ್ಕೆಂದು ಅಚ್ಚಾದ ಕಾಗದ

1638ರಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗೊಂದರಲ್ಲಿ ಅಚ್ಚಿನ ಯಂತ್ರವೊಂದು ಮ್ಯಾಸಚೂಸೆಟ್ಸ್‌ಗೆ ಬಂತು. ಅದನ್ನು ಕೇಂಬ್ರಿಜ್ ಊರಿನಲ್ಲಿ ಇಟ್ಟರು. ಇಂಗ್ಲಿಷರು ನೆಲೆಸಿದ್ದ ಅಮೆರಿಕಕ್ಕೆ ಅದೇ ಮೊದಲ ಅಚ್ಚುಕೂಟ. ಅಲ್ಲಿ ಮೊದಲು ಅಚ್ಚಾದದ್ದು ಒಂದೇ ಒಂದು ಹಾಳೆ. ಆ ವಸಾಹತಿನಲ್ಲಿ ಮತದ ಹಕ್ಕು ಪಡೆಯುವವರು ಹೇಳಬೇಕಿದ್ದ ಪ್ರಮಾಣ ವಚನ ಅದರಲ್ಲಿತ್ತು. ಎರಡನೆಯದು ಒಂದು ಪಂಚಾಂಗ. ಮೂರನೆಯದು 1640ರಲ್ಲಿ ಬಂದ ಕೀರ್ತನೆಗಳ ಪುಸ್ತಕ. ಪುಸ್ತಕ 1,700 ಪ್ರತಿ ಅಚ್ಚಾಗಿತ್ತು, ಇವತ್ತಿಗೆ 11 ಉಳಿದಿವೆ. ಪಂಚಾಂಗದ ಒಂದು ಪ್ರತಿಯೂ ಉಳಿದಿಲ್ಲ. ಆ ಮೊದಲ ಹಾಳೆಯದೂ ಅದೇ ಕಥೆ.

ಪುಸ್ತಕಕ್ಕೆ ರಟ್ಟು ಹಾಕುತ್ತಾರೆ, ಕಪಾಟಿನಲ್ಲಿ ಜಾಗ ಕೊಡುತ್ತಾರೆ. ವರ್ಷ ಮುಗಿದ ಪಂಚಾಂಗವನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಿಡಿ ಹಾಳೆಯಂತೂ ಕೆಲಸ ಮುಗಿದ ದಿನವೇ ಒಲೆಗೋ ಪೊಟ್ಟಣಕ್ಕೋ ಹೋಗುತ್ತದೆ. ಹೀಗೆ ಬಳಸಿ ಬಿಸಾಡಲೆಂದೇ ಹುಟ್ಟಿದ, ಆದರೂ ಹೇಗೋ ಉಳಿದುಬಂದ ಕಾಗದಗಳಿಗೆ ಸಂಗ್ರಹ ಮಾಡುವವರು ಇಟ್ಟ ಹೆಸರು ಎಫೆಮೆರಾ.

ಪದ ಗ್ರೀಕ್ ಭಾಷೆಯದು. ‘ಹೆಮೆರಾ’ ಅಂದರೆ ದಿನ. ‘ಎಪಿ’ ಸೇರಿ ‘ಒಂದು ದಿನದ ಮಟ್ಟಿಗೆ’ ಎಂಬ ಅರ್ಥ ಬಂತು. ನೀರಿನಿಂದ ಎದ್ದು ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುವ ಒಂದು ಜಾತಿಯ ಹುಳುವಿಗೂ ಇದೇ ಹೆಸರು. ನಮ್ಮಲ್ಲಿ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತಿ, ಬೆಳಗಾಗುವಷ್ಟರಲ್ಲಿ ರೆಕ್ಕೆ ಉದುರಿಸುವ ಹುಳುಗಳನ್ನು ನೆನೆಸಿಕೊಳ್ಳಿ. ಅವು ಬೇರೆ ಜಾತಿ, ಆದರೆ ಮನಸ್ಸಿಗೆ ಬರುವ ಚಿತ್ರ ಅದೇ. ಈ ಕಾಗದಗಳ ಬಗ್ಗೆ ತುಂಬಾ ಕೆಲಸ ಮಾಡಿದ ಬ್ರಿಟನ್ನಿನ ಮಾರಿಸ್ ರಿಕರ್ಡ್ಸ್ ಅವರು ಇವನ್ನು ದಿನನಿತ್ಯದ ಬದುಕಿನ ಸಣ್ಣಪುಟ್ಟ, ತಾತ್ಕಾಲಿಕ ದಾಖಲೆಗಳು ಎಂದು ಕರೆದರು. 1975ರಲ್ಲಿ ಅಲ್ಲಿ ಎಫೆಮೆರಾ ಸೊಸೈಟಿ ಶುರುವಾಯಿತು. 1980ರಲ್ಲಿ ಅಮೆರಿಕದಲ್ಲೂ ಒಂದು ಹುಟ್ಟಿತು.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕುವುದು ಕಷ್ಟ. ಕರಪತ್ರ, ಭಿತ್ತಿಪತ್ರ, ಲಗ್ನಪತ್ರಿಕೆ, ರಸೀದಿ, ಟಿಕೆಟ್ಟು ಎಲ್ಲವೂ ಇದರೊಳಗೆ ಬರುತ್ತವೆ. ಯಾವ ಒಂದೂ ಪೂರ್ತಿ ಹೊಂದುವುದಿಲ್ಲ. ನನಗೆ ‘ಬಿಡಿ ಕಾಗದ’ ಅನ್ನುವುದು ಹತ್ತಿರ ಅನ್ನಿಸುತ್ತದೆ. ಆದರೆ ‘ಒಂದು ದಿನ’ ಎಂಬ ಅರ್ಥ ಅದರಲ್ಲಿ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಎಫೆಮೆರಾ ಎಂದೇ ಇಟ್ಟುಕೊಂಡಿದ್ದೇನೆ.

ಇದರೊಳಗಿನ ದೊಡ್ಡಣ್ಣ ಬ್ರಾಡ್‌ಸೈಡ್. ದೊಡ್ಡ ಹಾಳೆಯ ಒಂದೇ ಬದಿಗೆ ಅಚ್ಚು ಹಾಕಿ, ಗೋಡೆಗೋ ಕಂಬಕ್ಕೋ ಅಂಟಿಸುವುದು ಅಥವಾ ಜನ ಸೇರಿದ ಕಡೆ ಗಟ್ಟಿಯಾಗಿ ಓದುವುದು. ಸರ್ಕಾರದ ಆಜ್ಞೆ, ಹರಾಜು, ಗಲ್ಲಿಗೆ ಹೋದವರ ಕೊನೆಯ ಮಾತು, ಹಾಡು, ಜಗಳ ಎಲ್ಲ ಇದರಲ್ಲೇ ಬರುತ್ತಿತ್ತು. ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1776ರ ಜುಲೈ 4ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು. ಬ್ರಿಟನ್ನಿನಿಂದ ಬಿಡುಗಡೆ ಸಾರುವ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತುಗಳನ್ನು ಅಲ್ಲಿನ ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ಒಪ್ಪಿದ ಕೂಡಲೇ ಅದು ಜಾನ್ ಡನ್ಲಪ್ ಎಂಬ ಮುದ್ರಕರ ಕೈಗೆ ಹೋಯಿತು. ಐರ್ಲೆಂಡಿನಿಂದ ಬಂದ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ರಾತ್ರಿಯಿಡೀ ಅಕ್ಷರದ ಅಚ್ಚುಮೊಳೆ ಜೋಡಿಸಿ ಸುಮಾರು 200 ಹಾಳೆ ಅಚ್ಚು ಮಾಡಿರಬೇಕು ಎಂದು ಅಂದಾಜು. ಮಸಿ ಆರುವ ಮೊದಲೇ ಕೆಲವನ್ನು ಮಡಚಿದ್ದರ ಗುರುತು ಇವತ್ತಿಗೂ ಕಾಣುತ್ತದೆ. ಅಷ್ಟು ಅವಸರ! ಕುದುರೆ ಸವಾರರು ಅವನ್ನು ಊರೂರಿಗೆ ಒಯ್ದರು. ಜುಲೈ 9ರಂದು ಜಾರ್ಜ್ ವಾಷಿಂಗ್ಟನ್ ಅವರು ನ್ಯೂಯಾರ್ಕಿನಲ್ಲಿ ಘೋಷಣೆಯನ್ನು ತಮ್ಮ ಸೈನಿಕರಿಗೆ ಓದಿಸಿದರು. ಅದೇ ಸಂಜೆ ಜನ ಅಲ್ಲಿದ್ದ ಬ್ರಿಟಿಷ್ ರಾಜನ ಸೀಸದ ಪ್ರತಿಮೆಯನ್ನು ಕೆಡವಿದರು. ಆ ಸೀಸ ಕರಗಿ ಗುಂಡುಗಳಾಯಿತು.

ಇಲ್ಲೊಂದು ವಿಷಯ ಗಮನಿಸಬೇಕು. ಘೋಷಣೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಸಾಲುಸಾಲು ಸಹಿ ಇರುವ ಚರ್ಮದ ಹಾಳೆ, ಅಲ್ವಾ? ಅದಕ್ಕೆ ಸಹಿ ಬೀಳಲು ಶುರುವಾದದ್ದು ಆಗಸ್ಟಿನಲ್ಲಿ. ಜುಲೈನಲ್ಲಿ ಜನ ಕಂಡದ್ದು, ಕೇಳಿದ್ದು ಈ ಕಾಗದವನ್ನೇ. ಇದರಲ್ಲಿ ಸಹಿಗಳಿಲ್ಲ. ಕಾಂಗ್ರೆಸ್‌ನ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಮತ್ತು ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಇಬ್ಬರ ಹೆಸರು ಮಾತ್ರ ಅಚ್ಚಾಗಿದೆ. ಸಹಿ ಹಾಕಿದವರ ಹೆಸರುಗಳೊಂದಿಗೆ ಮೊದಲ ಹಾಳೆ ಬಂದದ್ದು 1777ರ ಜನವರಿಯಲ್ಲಿ, ಬಾಲ್ಟಿಮೋರ್‌ನಿಂದ. ಅದನ್ನು ಅಚ್ಚು ಮಾಡಿದವರು ಒಬ್ಬ ಹೆಂಗಸು, ಮೇರಿ ಕ್ಯಾಥರಿನ್ ಗಾಡರ್ಡ್. ಹಾಳೆಯ ಕೆಳಗೆ ಅವರು ತಮ್ಮ ಹೆಸರನ್ನು ಪೂರ್ತಿಯಾಗಿ ಹಾಕಿಕೊಂಡರು. ಯುದ್ಧ ಸೋತಿದ್ದರೆ ಆ ಸಾಲೊಂದೇ ಸಾಕಿತ್ತು ಅವರನ್ನು ರಾಜದ್ರೋಹಿ ಎನ್ನಲು. ಆ ಹಾಳೆಯ ಚಿತ್ರ ನೋಡುವಾಗೆಲ್ಲ ನನ್ನ ಕಣ್ಣು ಮೊದಲು ಕೆಳಗಿನ ಆ ಸಾಲಿಗೇ ಹೋಗುತ್ತದೆ.

ಡನ್ಲಪ್ ಅಚ್ಚಿನ ಹಾಳೆಗಳಲ್ಲಿ ಈಗ ಗೊತ್ತಿರುವುದು 26. ಅದರಲ್ಲಿ ಒಂದು 1989ರಲ್ಲಿ ಪೆನ್ಸಿಲ್ವೇನಿಯಾದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಯಾರೋ 4 ಡಾಲರ್ ಕೊಟ್ಟು ಒಂದು ಚಿತ್ರ ಕೊಂಡಿದ್ದರು. ಅವರಿಗೆ ಬೇಕಿದ್ದದ್ದು ಚೌಕಟ್ಟು ಮಾತ್ರ. ಬಿಚ್ಚಿದಾಗ ಹಿಂದೆ ಮಡಚಿಟ್ಟ ಈ ಹಾಳೆ! 1991ರಲ್ಲಿ ಅದು 24 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. 2000ದಲ್ಲಿ ಮತ್ತೆ ಹರಾಜಿಗೆ ಬಂದಾಗ 81 ಲಕ್ಷ 40 ಸಾವಿರ. ಪತ್ರಿಕೆಗಳಿಗೆ ಇಂಥ ಕಥೆ ಇಷ್ಟ. ನನಗೆ ಬೆಲೆಗಿಂತ ಆ ಮಡಿಕೆಯೇ ಹೆಚ್ಚು. ಯಾರೋ ಒಬ್ಬರು ಚಿತ್ರದ ಹಿಂದೆ ಒತ್ತಿಡಲು ಯಾವುದೋ ಹಳೇ ಕಾಗದ ಹುಡುಕಿರಬೇಕು, ಇದು ಕೈಗೆ ಸಿಕ್ಕಿರಬೇಕು. ಎಫೆಮೆರಾ ಉಳಿಯುವುದೇ ಹೀಗೆ. ಕಾಪಾಡಬೇಕು ಎಂದು ಯಾರೂ ಕಾಪಾಡಿರುವುದಿಲ್ಲ.

ಆದರೆ ಅಂದಿನ ಅಚ್ಚುಕೂಟಗಳ ಹೊಟ್ಟೆ ತುಂಬಿದ್ದು ಘೋಷಣೆಗಳಿಂದಲ್ಲ, ಖಾಲಿ ಫಾರಂಗಳಿಂದ. ಸಾಲಪತ್ರ, ಜಾಮೀನು, ಸರಕಿನ ರಸೀದಿ, ಕ್ರಯಪತ್ರ ಎಲ್ಲವನ್ನೂ ಹೆಸರಿಗೆ ಜಾಗ ಬಿಟ್ಟು ಅಚ್ಚು ಹಾಕಿ ಮಾರುತ್ತಿದ್ದರು. ತಮ್ಮ ಅಂಗಡಿಯ ಫಾರಂಗಳಷ್ಟು ತಪ್ಪಿಲ್ಲದವು ಬೇರೆಲ್ಲೂ ಸಿಗುತ್ತಿರಲಿಲ್ಲ ಎಂದು ಬೆಂಜಮಿನ್ ಫ್ರಾಂಕ್ಲಿನ್ ಅವರು ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ.

ಇಂಥ ಫಾರಂಗಳಲ್ಲಿ ಇಂಡೆಂಚರ್ ಎಂಬುದೊಂದಿದೆ. ಕೆಲಸ ಕಲಿಯಲು ಬಿಟ್ಟ ಹುಡುಗನನ್ನೋ, ಹಡಗಿನ ಖರ್ಚಿಗೆ ಬದಲಾಗಿ ದುಡಿಯಲು ಒಪ್ಪಿ ಬಂದ ಆಳನ್ನೋ ಕಟ್ಟಿಹಾಕುವ ಕರಾರು. ಹಿಂದೆ ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದು ನಡುವೆ ಹಲ್ಲುಹಲ್ಲಾಗಿ ಕತ್ತರಿಸುತ್ತಿದ್ದರು. ಮುಂದೆ ತಕರಾರು ಬಂದರೆ ಎರಡನ್ನೂ ಕೂಡಿಸಿ ನೋಡಬಹುದಿತ್ತು. ಲ್ಯಾಟಿನ್‌ನಲ್ಲಿ ‘ಹಲ್ಲು’ ಎಂಬ ಪದದಿಂದಲೇ ಈ ಹೆಸರು ಬಂತು. ಹುಡುಗನ ಹೆಸರು, ವಯಸ್ಸು, ವರ್ಷಗಳ ಲೆಕ್ಕ ಕೈಬರಹ. ಉಳಿದದ್ದೆಲ್ಲ ಅಚ್ಚು. ಇಸ್ಪೀಟು ಆಡಕೂಡದು, ಹೆಂಡದಂಗಡಿಗೆ ಹೋಗಕೂಡದು, ಮದುವೆ ಆಗಕೂಡದು. ಧಣಿ ಅನ್ನ, ಬಟ್ಟೆ, ಮಲಗಲು ಜಾಗ ಕೊಡಬೇಕು. ಕೊನೆಗೆ ಸಹಿ ಬಾರದವರ ಒಂದು ಗೀಟು. ದೊಡ್ಡ ಚರಿತ್ರೆಯ ಪುಸ್ತಕದಲ್ಲಿ ಹೆಸರೇ ಬರದ ಹುಡುಗ ಇಲ್ಲಿ ಒಂದು ಗೀಟಾಗಿ ಉಳಿದಿದ್ದಾನೆ.

ಇನ್ನು ನೋಡಲು ಸಂಕಟವಾಗುವ ಹಾಳೆಗಳೂ ಇವೆ. 1769ರ ಜುಲೈ 24ರ ದಿನಾಂಕ ಇರುವ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಒಂದು ಜಾಹೀರಾತು ನೋಡಿ. ಸಿಯೆರಾ ಲಿಯೋನ್‌ನಿಂದ ಈಗಷ್ಟೇ ಬಂದ 94 ಜನ ಆಫ್ರಿಕನ್ನರು ಮಾರಾಟಕ್ಕಿದ್ದಾರೆ ಎನ್ನುತ್ತದೆ ಅದು. 39 ಗಂಡಸರು, 15 ಹುಡುಗರು, 24 ಹೆಂಗಸರು, 16 ಹುಡುಗಿಯರು. ಹಡಗಿನ ಹೆಸರಿದೆ, ಮಾರುವವರ ಹೆಸರಿದೆ. ಮಾರಾಟವಾಗುವವರ ಒಂದು ಹೆಸರೂ ಇಲ್ಲ. ಅಕ್ಷರ ನೀಟಾಗಿದೆ, ಸಾಲು ನೆಟ್ಟಗಿದೆ. ದನದ ಜಾತ್ರೆಯ ಪ್ರಕಟಣೆಯಂತೆ ಯಾರೋ ಮೊಳೆ ಜೋಡಿಸಿದ್ದಾರೆ. ಗುಲಾಮಗಿರಿ ಅಂದಿನವರಿಗೆ ಎಷ್ಟು ಮಾಮೂಲಿ ವ್ಯವಹಾರವಾಗಿತ್ತು ಎಂಬುದನ್ನು ಈ ಹಾಳೆ ತನಗೇ ಗೊತ್ತಿಲ್ಲದೆ ಹೇಳಿಬಿಡುತ್ತದೆ. ಇಂಥವನ್ನು ಸಂಗ್ರಹಿಸುವುದು ಸರಿಯೇ ಎಂಬ ಪ್ರಶ್ನೆ ಇದೆ. ಗೋಡೆಯ ಅಲಂಕಾರಕ್ಕೆ ಬೇಡ. ಆದರೆ ನಾಶವಾಗಲು ಮಾತ್ರ ಬಿಡಬಾರದು ಎಂಬುದು ನನ್ನ ಮಾತು.

ಹಳೇ ಅಮೆರಿಕದ ಕಾಗದಗಳಲ್ಲಿ ನಮ್ಮ ನಾಡಿನ ಒಬ್ಬರ ಹೆಸರೂ ಒಮ್ಮೆ ಇಣುಕುತ್ತದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರದ ಹಡಗುಗಳ ಕಾವಲಿಗೆ ಒಂದು ಯುದ್ಧದ ಹಡಗು ಸಜ್ಜು ಮಾಡಿದರು. ಅದರ ಹೆಸರು ‘ಹೈದರ್ ಅಲ್ಲಿ’. ಹೌದು, ನಮ್ಮ ಮೈಸೂರಿನ ಹೈದರಾಲಿಯೇ. ಬ್ರಿಟಿಷರನ್ನು ಸೋಲಿಸಿದ ದೊರೆಯ ಕೀರ್ತಿ ಫಿಲಡೆಲ್ಫಿಯಾದ ತನಕ ಮುಟ್ಟಿತ್ತು. ಆ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಈ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿಯಿತು. ನಾಯಕ ಜೋಶುವಾ ಬಾರ್ನಿಗೆ ಆಗ 22 ವರ್ಷ. ಹಡಗಿನ ಬಗ್ಗೆ ಪದ್ಯಗಳು ಹುಟ್ಟಿಕೊಂಡವು. ಒಂದರಲ್ಲಿ ಹೈದರನನ್ನು ಬ್ರಿಟಿಷರಿಗೆ ನಾಚಿಕೆ ತಂದ ಪೂರ್ವದೇಶದ ದೊರೆ ಎಂದು ಹೊಗಳಿದ್ದಾರೆ. ಎರಡು ದೇಶಗಳ ಈ ನಂಟು ಅಂದಿನ ಹಾಡು, ಸುದ್ದಿಗಳ ಕಾಗದದಲ್ಲಿ ಎದುರಿಗೇ ಕೂತಿದೆ.

ದುಡ್ಡಿನ ನೋಟನ್ನೂ ಎಫೆಮೆರಾ ಎಂದು ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ. ವಸಾಹತು ಕಾಲದ ಕೆಲವು ನೋಟುಗಳಲ್ಲಿ ನಿಜವಾದ ಎಲೆಯ ಅಚ್ಚಿದೆ. ಫ್ರಾಂಕ್ಲಿನ್ ಅವರ ಉಪಾಯ ಅದು. ಎಲೆಯ ನರಗಳನ್ನು ಅಚ್ಚೆರಕ ಹೊಯ್ದು ಮುದ್ರಿಸಿದರೆ ಕೈಯಲ್ಲಿ ಕೆತ್ತುವ ಕಳ್ಳನಿಗೆ ಅದನ್ನು ಹಾಗೇ ತರಲು ಬರುವುದಿಲ್ಲ. ಜೊತೆಗೆ ‘ಖೋಟಾ ಮಾಡಿದವರಿಗೆ ಮರಣ’ ಎಂಬ ಎಚ್ಚರಿಕೆಯ ಸಾಲು. ಹರಿದ ನೋಟನ್ನು ಜನ ಸೂಜಿದಾರದಲ್ಲಿ ಹೊಲಿದು ಮತ್ತೆ ಚಲಾಯಿಸಿದ್ದಾರೆ. ಆ ದಾರ ಇನ್ನೂ ಇರುವ ನೋಟುಗಳು ಸಿಗುತ್ತವೆ.

ಇಷ್ಟು ಹಳೇ ಕಾಗದ ಇನ್ನೂ ಹೇಗೆ ಗಟ್ಟಿಯಾಗಿದೆ? ಅದು ಹಳೇ ಬಟ್ಟೆಯ ಕಾಗದ. ನಾರಗಸೆ (ಲಿನನ್) ಮತ್ತು ಹತ್ತಿಯ ಚಿಂದಿಯನ್ನು ಕೊಳೆಸಿ, ಕುಟ್ಟಿ, ಜರಡಿಯಂಥ ಅಚ್ಚಿನಲ್ಲಿ ಎತ್ತಿ ಮಾಡಿದ್ದು. ಅಮೆರಿಕದ ಮೊದಲ ಕಾಗದದ ಗಿರಣಿಯನ್ನು 1690ರಲ್ಲಿ ವಿಲಿಯಂ ರಿಟನ್‌ಹೌಸ್ ಅವರು ಫಿಲಡೆಲ್ಫಿಯಾದ ಹತ್ತಿರ ಕಟ್ಟಿದರು. ಮರದ ತಿರುಳಿನ ಕಾಗದ ಬಂದದ್ದು 19ನೇ ಶತಮಾನದ ಎರಡನೇ ಅರ್ಧದಲ್ಲಿ. ಅದರಲ್ಲಿ ಆಮ್ಲ ಜಾಸ್ತಿ. ಹಾಗಾಗಿ 1776ರ ಹಾಳೆ ಇನ್ನೂ ಬಾಗುತ್ತದೆ, 1900ರ ಸುಮಾರಿನ ಪತ್ರಿಕೆ ಮುಟ್ಟಿದರೆ ಹಪ್ಪಳದ ಥರ ಮುರಿಯುತ್ತದೆ.

ಅಸಲಿ ಗುರುತಿಸಲು ಶುರು ಮಾಡುವುದೂ ಇಲ್ಲಿಂದಲೇ. ಹಾಳೆಯನ್ನು ಬೆಳಕಿಗೆ ಹಿಡಿದರೆ ಜರಡಿ ತಂತಿಯ ಗೆರೆಗಳು ಕಾಣುತ್ತವೆ, ಕೆಲವದರಲ್ಲಿ ನೀರಚ್ಚು (ವಾಟರ್‌ಮಾರ್ಕ್) ಇರುತ್ತದೆ. ಹಿಂಬದಿಗೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ಸಿಗಬೇಕು. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಈಚಿನ ಕಾಲದ ನಕಲು. ಸುಮಾರು 1800ರವರೆಗೆ ಇಂಗ್ಲಿಷಿನ ‘ಎಸ್’ ಅಕ್ಷರ ಪದದ ಒಳಗೆ ‘ಎಫ್’ ಥರ ಕಾಣುವಂತೆ ಅಚ್ಚಾಗುತ್ತಿತ್ತು ಎಂಬುದೂ ನೆನಪಿರಲಿ. ನಕಲು ಅಂದಮಾತ್ರಕ್ಕೆ ಹೊಸದಾಗಿರಬೇಕೆಂದೇನಿಲ್ಲ. ವಾಷಿಂಗ್ಟನ್ ತೀರಿಕೊಂಡ ಸುದ್ದಿ ಇರುವ 1800ರ ಜನವರಿ 4ರ ‘ಅಲ್ಸ್ಟರ್ ಕೌಂಟಿ ಗೆಜೆಟ್’ ಪತ್ರಿಕೆಯನ್ನು 19ನೇ ಶತಮಾನದುದ್ದಕ್ಕೂ ನೆನಪಿನ ಕಾಣಿಕೆಯಾಗಿ ಮತ್ತೆ ಮತ್ತೆ ಅಚ್ಚು ಹಾಕಿದರು. ಅಟ್ಟದ ಮೇಲೆ ಸಿಗುವುದು ಬಹುಪಾಲು ಈ ಮರುಮುದ್ರಣಗಳೇ. ಅಸಲಿ ಬೆರಳೆಣಿಕೆಯಷ್ಟು.

ಆಸೆ ಎಲ್ಲಿವರೆಗೆ ಒಯ್ಯುತ್ತದೆ ಎಂಬುದಕ್ಕೆ ಹಳೇ ಕಾಗದಗಳನ್ನು ಖೋಟಾ ಮಾಡಿ ಮಾರುತ್ತಿದ್ದ ಮಾರ್ಕ್ ಹಾಫ್‌ಮನ್ ಸಾಕ್ಷಿ. ಉಳಿದೇ ಇಲ್ಲದ ಆ ಮೊದಲ ಪ್ರಮಾಣ ವಚನದ ಹಾಳೆ ತನಗೆ ಸಿಕ್ಕಿತು ಎಂದು 1985ರಲ್ಲಿ ಅವನು ಹೇಳಿದ. ಮೊದಲು ಅದೇ ಶೀರ್ಷಿಕೆಯ ಒಂದು ಬೇರೆ ಹಾಳೆ ತಯಾರಿಸಿ, ನ್ಯೂಯಾರ್ಕಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ತಾನೇ ಇಟ್ಟ. ಆಮೇಲೆ ಅದನ್ನು 25 ಡಾಲರಿಗೆ ಕೊಂಡು ರಸೀದಿ ಮಾಡಿಸಿಕೊಂಡ. ಎಲ್ಲಿ ಸಿಕ್ಕಿತು ಎಂಬ ಪ್ರಶ್ನೆಗೆ ಆ ರಸೀದಿಯೇ ಉತ್ತರ! ಬೆಲೆ 15 ಲಕ್ಷ ಡಾಲರ್ ಎಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದೆ ಇಟ್ಟ. ಕಾಗದ, ಮಸಿಯ ಪರೀಕ್ಷೆಗಳಲ್ಲಿ ಆಗ ತಪ್ಪು ಸಿಗಲಿಲ್ಲ. ಅವನ ಬೇರೆ ಖೋಟಾ ವ್ಯವಹಾರಗಳು ಕುತ್ತಿಗೆಗೆ ಬಂದಾಗ ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬ್ ಇಟ್ಟು ಇಬ್ಬರನ್ನು ಕೊಂದ. ಆ ತನಿಖೆಯಲ್ಲೇ ಎಲ್ಲ ಹೊರಬಿತ್ತು. ಅಂದಿನಿಂದ ಈ ವಲಯದಲ್ಲಿ ಕಾಗದಕ್ಕಿಂತ ಮೊದಲು ಕೇಳುವುದು ಅದು ಯಾರ ಯಾರ ಕೈದಾಟಿ ಬಂತು ಎಂಬುದನ್ನು.

ಹೊಸದಾಗಿ ಶುರು ಮಾಡುವವರು ಡನ್ಲಪ್ ಹಾಳೆಯ ಕನಸು ಕಾಣಬೇಕಿಲ್ಲ. 19ನೇ ಶತಮಾನದ ಅಂಗಡಿ ಬಿಲ್ಲು, ಲಾಟರಿ ಚೀಟಿ, ವ್ಯಾಪಾರಿಗಳು ಹಂಚುತ್ತಿದ್ದ ಬಣ್ಣದ ಕಾರ್ಡುಗಳು ಸಾಮಾನ್ಯರ ಕೈಗೆಟಕುತ್ತವೆ. ಕೊಳ್ಳದೆ ಸುಮ್ನೆ ನೋಡಬೇಕೆಂದರೂ ದಾರಿ ಇದೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಂಥ ಸುಮಾರು 28,000 ಕಾಗದಗಳಿವೆ. ಬಹಳಷ್ಟನ್ನು ಮನೆಯಿಂದಲೇ ನೋಡಬಹುದು. ವೂಸ್ಟರ್ ಊರಿನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯದು ಇನ್ನೂ ದೊಡ್ಡ ಭಂಡಾರ. 1812ರಲ್ಲಿ ಅದನ್ನು ಕಟ್ಟಿದ ಐಸಾಯಾ ಥಾಮಸ್ ಸ್ವತಃ ಮುದ್ರಕರು. ಬಾಸ್ಟನ್ನಿನ ಒಬ್ಬ ಮುದ್ರಕನ ಹತ್ತಿರ ಅವರು ಬೀದಿಯಲ್ಲಿ ಮಾರುವ ಹಾಡಿನ ಹಾಳೆಗಳನ್ನು, ಮುನ್ನೂರಕ್ಕೂ ಹೆಚ್ಚು, ಒಟ್ಟಿಗೆ ಕೊಂಡರು. 1814ರಲ್ಲಿ ಮೂರು ಸಂಪುಟವಾಗಿ ಕಟ್ಟಿಸಿದರು. ಕೆಳವರ್ಗದ ಜನರಲ್ಲಿ ಈಗ ಎಂಥವು ಚಾಲ್ತಿಯಲ್ಲಿವೆ ಎಂದು ಮುಂದಿನವರಿಗೆ ತಿಳಿಯಲಿ ಎಂಬ ಅರ್ಥದ ಟಿಪ್ಪಣಿಯನ್ನೂ ಬರೆದಿಟ್ಟರು. ಅವರಿಗೆ ಆ ಹಾಡುಗಳ ಬಗ್ಗೆ ದೊಡ್ಡ ಗೌರವ ಇದ್ದಂತಿಲ್ಲ. ಆದರೂ ಎತ್ತಿಟ್ಟರು. ಹಾಗಾಗಿ ಅಂದಿನ ಬೀದಿ ಏನು ಹಾಡುತ್ತಿತ್ತು ಎಂಬುದು ಇವತ್ತು ನಮಗೆ ಗೊತ್ತು.

ನಿಮ್ಮ ಕೈಗೇ ಇಂಥದ್ದೊಂದು ಬಂದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆಮ್ಲವಿಲ್ಲದ ಕಾಗದದ ನಡುವೆ ಅಥವಾ ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಿ. ಹಿಂಬದಿಯಲ್ಲಿ ಯಾರೋ ಗೀಚಿದ ಹಾಲಿನ ಲೆಕ್ಕ, ಮಗುವಿನ ಹೆಸರು, ಕೂಡಿಸಿ ಕಳೆದ ಸಂಖ್ಯೆಗಳು ಇದ್ದರೆ ಅವನ್ನು ಉಜ್ಜಿ ಅಳಿಸಬೇಡಿ. ಆ ಗೀಚೂ ಅದೇ ಹಾಳೆಯ ಭಾಗ.