ನೆಟ್‌ಬುಕ್ ಸಣ್ಣದಿತ್ತು ಖರೆ, ಅದನ್ನ ಇನ್ನಷ್ಟು ಸಣ್ಣದು ಮಾಡಿದ್ದು ಏನು?

ಕಾಲೇಜ್ ಶುರು ಆಗೋ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಾಗ ಮತ್ತ ಅದ ಮಾತು, ಅಗ್ಗದ ಲ್ಯಾಪ್‌ಟಾಪ್ ಬ್ಯಾಡ್ರಿ, ಹಿಂದಕ ನೆಟ್‌ಬುಕ್ ಅಂತ ಬರ್ತಿದ್ದ ಸಣ್ಣ ಅಗ್ಗದ ಲ್ಯಾಪ್‌ಟಾಪ್ ತಗೊಂಡು ರೊಕ್ಕ ಕಳಕೊಂಡೀವಿ ಅಂತ. ಯಾಕ ಹಂಗಾತು ಅಂದ್ರ ಒಬ್ರು ಟ್ಯಾಬ್ಲೆಟ್ ಬಂದು ಮುಗಿಸಿದ್ವು ಅಂತಾರ, ಇನ್ನೊಬ್ರು ಚಿಪ್ಪ ಖರಾಬ್ ಇತ್ತು ಅಂತಾರ. ಎಲ್ಲಾ ಕಲಸಿ ಹೋಗೇತಿ, ಅದಕ್ಕ ಮೊದಲಿಂದ ನೋಡೂಣು.

ಬೆಂಗಳೂರಿನ ಸಿಂಪ್ಯೂಟರ್ ಅನ್ನೋ ಅಗ್ಗದ ಅಂಗೈ ಕಂಪ್ಯೂಟರ್ 2004ರಾಗ ಮಾರಾಟಕ್ಕ ಬಂತು, 2005ರಾಗ ಅಮೆರಿಕದ ಎಂಐಟಿ ಪ್ರೊಫೆಸರ್ ನಿಕೊಲಸ್ ನೆಗ್ರೊಪಾಂಟೆ ಮಕ್ಕಳಿಗೆ 100 ಡಾಲರ್ ಲ್ಯಾಪ್‌ಟಾಪ್ ಅಂದ್ರು, 2007ರ ಕೊನೀಗೆ ಆಸುಸ್ ಕಂಪನಿಯ ‘ಈ ಪಿಸಿ’ (Eee PC) 701 ಅನ್ನೋ ನೆಟ್‌ಬುಕ್ ಬಂತು. 7 ಇಂಚಿನ ಸ್ಕ್ರೀನ್, 512 ಎಂಬಿ ರ‍್ಯಾಮ್, 4 ಜಿಬಿ ಜಾಗ, ಒಳಗ ಲಿನಕ್ಸ್. ಮರುವರ್ಷ ಇಂಟೆಲ್ ಕಡಿಮಿ ಕರೆಂಟ್ ತಿನ್ನೋ ಅಟಮ್ ಚಿಪ್ ತಂದಿದ್ದ ತಡ, ಏಸರ್, ಡೆಲ್, ಎಚ್‌ಪಿ, ಲೆನೊವೊ ಎಲ್ಲಾರೂ ಇಳದ್ರು.

ಮಂದಿ ಮರತಿದ್ದು ಇದರ ಮುಂದಿಂದು. ಆಗಿನ ಹೊಸ ವಿಂಡೋಸ್ ವಿಸ್ತಾ ಇವಕ್ಕ ಭಾರ ಆಗ್ತಿತ್ತು, ಅದಕ್ಕ ಮೈಕ್ರೊಸಾಫ್ಟ್ ಇಂಥಾ ಸಣ್ಣ ಮಶೀನಿಗೆ ಅಂತ ಹಳೇ ವಿಂಡೋಸ್ ಎಕ್ಸ್‌ಪಿ ಹೋಮ್ ಮುಂದುವರಿಸ್ತು. ಆದ್ರ ಕಡಿಮಿ ರೇಟಿಗೆ ಷರತ್ತು ಇದ್ವು, ರ‍್ಯಾಮ್ 1 ಜಿಬಿ ದಾಟಬಾರದು, ಸ್ಕ್ರೀನಿಗೂ ಹಾರ್ಡ್‌ಡಿಸ್ಕಿಗೂ ಮಿತಿ. ಹಿಂಗಾಗಿ ಯಾವ ಕಂಪನಿದು ನೋಡಿದ್ರೂ ಹೆಚ್ಚುಕಡಿಮಿ ಅದ 1 ಜಿಬಿ, ಅದ 10 ಇಂಚು. 2009ರಾಗ ಇಂಥಾ ಮಶೀನಿಗೆ ಅಂತ ವಿಂಡೋಸ್ 7 ಸ್ಟಾರ್ಟರ್ ಬಂತಲ್ಲ, ಅದರಾಗ ವಾಲ್‌ಪೇಪರ್ ಸೈತ ಬದಲಿ ಮಾಡಾಕ ಬರ್ತಿರಲಿಲ್ಲ. ವಾಲ್‌ಪೇಪರ್ ಬದಲಿ ಮಾಡಾಕ ಚಿಪ್ಪಿಗೆ ಶಕ್ತಿ ಸಾಲದಂಗೇನೂ ಇರಲಿಲ್ಲ. ಸಣ್ಣ ಮಶೀನು ದೊಡ್ಡ ಲ್ಯಾಪ್‌ಟಾಪಿನ ವ್ಯಾಪಾರಕ್ಕ ಅಡ್ಡ ಬರಬಾರದು ಅನ್ನೋ ಲೆಕ್ಕ ಎಲ್ಲೋ ಇತ್ತು ಅಂತ ನನಗ ಅನಸ್ತೈತಿ.

ಹಂಗಂತ ಮಶೀನಿನ ಸ್ವಂತ ಕೊರತಿ ಇರಲಿಲ್ಲ ಅಂತಲ್ಲ. ಅಟಮ್ ಎನ್270 ಚಿಪ್ ತಿಂತಿದ್ದದ್ದು 2.5 ವ್ಯಾಟ್, ಅದರ ಜೋಡಿ ಬರೋ ಹಳೇ ಚಿಪ್‌ಸೆಟ್ (ಚಿಪ್ಪಿಗೆ ರ‍್ಯಾಮ್, ಸ್ಕ್ರೀನ್ ಜೋಡಿಸೋ ಸಹಾಯಕ ಚಿಪ್ಪುಗಳು) ಅದರ ಎರಡು ಪಟ್ಟಿಗೂ ಹೆಚ್ಚು ತಿಂತಿತ್ತು, ವಿಡಿಯೋ ಸ್ವಲ್ಪ ದೊಡ್ಡದಾದ್ರ ತಡವರಿಸ್ತಿತ್ತು. ಸ್ಕ್ರೀನಿನ ಎತ್ತರ 600 ಪಿಕ್ಸೆಲ್, ಕೆಲವು ಸೆಟ್ಟಿಂಗ್ ತಗದ್ರ ಓಕೆ ಬಟನ್ ಸ್ಕ್ರೀನಿನ ಕೆಳಗ ಮುಳುಗಿ ಹೋಗ್ತಿತ್ತು, ಟ್ಯಾಬ್ ಒತ್ತಿಕೋತ ಅಂದಾಜಿನ ಮ್ಯಾಲ ಎಂಟರ್ ಹೊಡೀತಿದ್ವಿ.

ನನಗ ಭಾಳ ಸಂಕಟ ಆಗಿದ್ದು ಕನ್ನಡದ್ದು. ಮನ್ಯಾಗ 2009ರಾಗ ತಗೊಂಡ ನೆಟ್‌ಬುಕ್ಕಿನಾಗ ಕನ್ನಡ ಪೇಪರ್ ತಗದ್ರ ಬರೇ ಡಬ್ಬಿ ಡಬ್ಬಿ. ಫಾಂಟ್ ಹಾಕಿದ್ವಿ, ಅಕ್ಷರ ಬಂದ್ವು, ಒತ್ತು ಮಾತ್ರ ಕೂಡವಲ್ವು, ‘ಹುಬ್ಬಳ್ಳಿ’ ಅಂತ ಬರೆದ್ರ ಬ ಒಂದ್ ಕಡೆ ಳ ಒಂದ್ ಕಡೆ ಬಿಡಿಬಿಡಿಯಾಗಿ ನಿಂದರ್ತಿದ್ವು. ಎಕ್ಸ್‌ಪಿಯೊಳಗ ಭಾರತೀಯ ಲಿಪಿ ಸರಿ ಕಾಣಬೇಕಂದ್ರ ಸೆಟ್ಟಿಂಗಿನಾಗ ಒಂದು ಟಿಕ್ ಹಾಕಬೇಕಿತ್ತು, ಹಾಕಿದ ಕೂಡ್ಲೆ ಅದು ವಿಂಡೋಸ್ ಸಿಡಿ ಕೇಳ್ತು, ನೆಟ್‌ಬುಕ್ಕಿಗೆ ಸಿಡಿ ಡ್ರೈವ್ ಎಲ್ಲೈತ್ರಿ! ಕೊಪ್ಪಿಕರ ರೋಡಿನ ಅಂಗಡಿಗೆ ಒಯ್ದೆ, ಅಲ್ಲಿ ಹುಡುಗ ‘ಸರ, ಚಿಂತಿ ಮಾಡಬ್ಯಾಡ್ರಿ’ ಅಂದು ಬ್ಯಾರೆ ಕಂಪ್ಯೂಟರಿನಾಗ ಸಿಡಿ ಹಾಕಿ, ಒಳಗಿನ ವಿಂಡೋಸ್ ಫೈಲ್ ಇರೋ ಐ386 ಫೋಲ್ಡರ್ ಪೆನ್‌ಡ್ರೈವಿಗೆ ಇಳಿಸಿ ತಂದ. ಹತ್ತು ನಿಮಿಷದ ಕೆಲಸ. ಅದು ಗೊತ್ತಿಲ್ಲದ ಎಷ್ಟು ಮನ್ಯಾಗ ಕನ್ನಡ ಡಬ್ಬಿಯಾಗೇ ಉಳೀತೋ ಏನೋ. ವಿಂಡೋಸ್ 7 ಬಂದ ಮ್ಯಾಲ ಆ ಗೋಳು ತಪ್ತು.

2010ರಾಗ ಐಪ್ಯಾಡ್ ಬಂತು, ಹಿಂದಿಂದ ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್, 2013ರ ಹೊತ್ತಿಗೆ ಆಸುಸ್ ಏಸರ್ ಎರಡೂ ನೆಟ್‌ಬುಕ್ ನಿಲ್ಲಿಸಿದ್ವು. ಟ್ಯಾಬ್ಲೆಟ್ ಕೊಂದಿದ್ದು ಸುಳ್ಳಲ್ಲ, ಆದ್ರ ಅವು ಬರೂದ್ರಾಗ ಇದನ್ನ ಬೆಳೀಲಾರದಂಗ ಕಟ್ಟಿ ಹಾಕಿ ಆಗಿತ್ತು.

ಮೈಕ್ರೊಸಾಫ್ಟ್‌ನ ಆ 1 ಜಿಬಿ ಷರತ್ತು ಮಾರೋ ತನಕ ಅಷ್ಟ. ನಮ್ಮದರ ಬೆನ್ನಿನ ಮುಚ್ಚಳ ಬಿಚ್ಚಿ 1 ಜಿಬಿ ತಗದು 2 ಜಿಬಿ ರ‍್ಯಾಮ್ ಹಾಕಿದ್ವಿ, ಮುಂದ ನಾಕ್ ವರ್ಷ ನಡೀತು. ಈಗಿನ ಅಗ್ಗದ ಲ್ಯಾಪ್‌ಟಾಪಿನಾಗ ಎಷ್ಟೋ ಕಡೆ ರ‍್ಯಾಮ್ ಬೋರ್ಡಿಗೇ ಬೆಸುಗಿ ಹಾಕಿರ್ತಾರ. ಅಂಗಡ್ಯಾಗ ರೇಟ್ ಕೇಳೂಕಿಂತ ಮೊದಲ ರ‍್ಯಾಮಿಗೆ ಸ್ಲಾಟ್ ಐತೇನ್ರಿ ಅಂತ ಕೇಳ್ರಿ.